ಅಪ್ಪನ ತಲೆಯ ಮೇಲಿನ ಕಮಾನು

ಬೆಳಿಗ್ಗೆ ಹಾಲು ತರುತ್ತೇನೆಂದು ಹೋದ ಅಪ್ಪ ಮಧ್ಯಾಹ್ನವಾದರೂ ಬರಲಿಲ್ಲ. ಮರೆವು ಹೆಚ್ಚಾದ ಮೇಲೆ ಅವರನ್ನು ಒಬ್ಬರನ್ನೇ ಎಲ್ಲೂ ಬಿಡುತ್ತಿರಲಿಲ್ಲ. ಅಂದು ಹೇಗೋ ಕಣ್ತಪ್ಪಿತು. ಪೊಲೀಸರಿಗೆ ತಿಳಿಸಿದೆ, ಸ್ಕೂಟರಿನಲ್ಲಿ ಶಿವಮೊಗ್ಗದ ಬೀದಿಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಫ್ಲೆಕ್ಸ್ ಅಂಗಡಿಯೊಂದಕ್ಕೆ ನುಗ್ಗಿ, ಅಪ್ಪನ ಫೋಟೊ ಕೊಟ್ಟು, ‘ಕಾಣೆಯಾಗಿದ್ದಾರೆ’ ಎಂದು ಬರೆದು ಕೆಳಗೆ ನನ್ನ ನಂಬರ್ ಹಾಕಿಕೊಡಿ ಎಂದೆ.

ಕಂಪ್ಯೂಟರ್ ಮುಂದೆ ಕೂತಿದ್ದವನಿಗೆ ನನ್ನ ಅವಸರ ತಿಳಿಯಲಿಲ್ಲವೋ, ಕೈಗಂಟಿದ ಅಭ್ಯಾಸ ಬಿಡಲಿಲ್ಲವೋ. ಪರದೆಯಲ್ಲಿ ಗೆರೆ ಎಳೆಯುವ ಪೆನ್ ಟೂಲ್ ಹಿಡಿದು ಅಪ್ಪನ ತಲೆಯ ಮೇಲೆ ಕಮಾನಿನಂತೆ ಒಂದು ಗೆರೆ ಎಳೆದ. ಗೆರೆಯ ಮೇಲೆ ಕ್ಲಿಕ್ ಮಾಡಿ ಟೈಪ್ ಮಾಡಿದರೆ ಅಕ್ಷರಗಳು ಅದರ ಬೆನ್ನೇರಿ ಸಾಲಾಗಿ ನಿಂತವು. ಕೊನೆಯ ಎರಡು ಅಕ್ಷರ ಕಿವಿಯ ಹತ್ತಿರ ಜಾರಿದವು. ಗೆರೆ ಹಿಗ್ಗಿಸಿದ, ಅಕ್ಷರ ಕಿರಿದು ಮಾಡಿದ, ಮತ್ತೆ ಹಿಗ್ಗಿಸಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೇರವಾಗಿಯೇ ಹಾಕಿ ಮಾರಾಯ್ರೆ ಎಂದರೆ, ಹಾಗೆ ಹಾಕಿದರೆ ಫೋಟೊ ಸಪ್ಪೆಯಾಗುತ್ತದೆ ಎಂದ. ಜಗಳಕ್ಕೆ ನಿಂತರೆ ಇನ್ನಷ್ಟು ಹೊತ್ತು ಹಾಳಾಗುತ್ತದೆಂದು ಹಾಗೆಯೇ ಪ್ರಿಂಟ್ ಹಾಕಿಸಿಕೊಂಡೆ.

ಪೋಸ್ಟರ್ ಕಟ್ಟು ಹಿಡಿದು ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಅಪ್ಪ ಕಾರ್ಖಾನೆಯಲ್ಲಿ ಆಯಸ್ಸೆಲ್ಲ ದುಡಿದ ಊರು. ಬಸ್ ಹತ್ತಿದ್ದರೆ ಅಲ್ಲಿಗೇ ಹತ್ತಿರಬೇಕು. ಕಾರ್ಖಾನೆ ಗೇಟಿನ ಪಕ್ಕದ ಗೋಡೆಗೆ ಒಂದು ಅಂಟಿಸಿದೆ. ಬಸ್ ನಿಲ್ದಾಣದ ಕಂಬಕ್ಕೆ ಇನ್ನೊಂದು ಅಂಟಿಸಿ, ಯಾರಾದರೂ ಓದುತ್ತಾರೇನೋ ಎಂದು ಅಲ್ಲೇ ನಿಂತೆ.

ಒಬ್ಬ ಕಂಡಕ್ಟರ್ ನೋಡಿದ, ಎದೆಗೆ ಕೈ ಮುಟ್ಟಿಸಿಕೊಂಡು ಹೋದ. ಹೂವಿನವಳು ಲೊಚಗುಟ್ಟಿ, ಅಜ್ಜ ಯಾವಾಗ ತೀರಿಕೊಂಡರು ಎಂದು ನನ್ನನ್ನೇ ಕೇಳಿದಳು.

ತಿರುಗಿ ಪೋಸ್ಟರ್ ನೋಡಿದೆ. ವಯಸ್ಸಾದವರ ಫೋಟೊ, ಅದರ ಮೇಲೆ ಬಾಗಿದ ಅಕ್ಷರ ಎಂದರೆ ನಮ್ಮ ಕಡೆ ಶ್ರದ್ಧಾಂಜಲಿ. ಅದನ್ನು ಯಾರೂ ಓದುವುದಿಲ್ಲ. ಕೈಮುಗಿದು ಮುಂದೆ ಹೋಗುತ್ತಾರೆ. ಹುಡುಕಿಕೊಡಿ ಎಂದು ಬೇಡಬೇಕಾದ ನಾನು, ಅಪ್ಪ ಸತ್ತರೆಂದು ಊರಿಗೆಲ್ಲ ಸಾರುತ್ತಿದ್ದೆ. ಎಲ್ಲೋ ಬಿಸಿಲಲ್ಲಿ ದಾರಿ ತಿಳಿಯದೆ ನಿಂತ ಅಪ್ಪನನ್ನು ಕಂಡರೂ ಯಾರಿಗೂ ಗುರುತು ಹತ್ತುವುದಿಲ್ಲ ಎಂದು ಹೆದರಿಕೆಯಾಯಿತು.

ಅಂಗಡಿಗೆ ಫೋನ್ ಮಾಡಿ, ಆ ಕಮಾನು ತೆಗೆದು ದಪ್ಪಕ್ಷರದಲ್ಲಿ ನೇರವಾಗಿ ಹಾಕಿ ಎಂದು ಕೂಗಾಡಿದೆ. ಕಂಬದ್ದನ್ನು ಕಿತ್ತೆ. ಗೋಡೆಯದನ್ನೂ ಕೀಳಲು ಆಟೋ ಹತ್ತಿ ಕಾರ್ಖಾನೆಯ ಗೇಟಿಗೆ ಬಂದೆ.

ಪೋಸ್ಟರಿನ ಮುಂದೆ ಅಪ್ಪ ನಿಂತಿದ್ದರು. ಚಪ್ಪಲಿ ಕಳಚಿ ಬದಿಗಿಟ್ಟು, ಕಣ್ಣು ಮುಚ್ಚಿ, ತಮ್ಮದೇ ಫೋಟೊಗೆ ಕೈಮುಗಿಯುತ್ತಿದ್ದರು. ಓಡಿಹೋಗಿ ಅವರ ತೋಳು ಹಿಡಿದುಕೊಂಡೆ. ಸಮಾಧಾನಕ್ಕೋ ಸಂಕಟಕ್ಕೋ, ಅಳು ತಡೆಯಲಾಗಲಿಲ್ಲ. ಅಪ್ಪ ಯಾರೋ ಅಪರಿಚಿತಳನ್ನು ನೋಡುವಂತೆ ನನ್ನನ್ನು ನೋಡಿದರು.

“ಒಳ್ಳೇ ಮನುಷ್ಯ ಕಣಮ್ಮ, ನಮ್ ಜೊತೇಲೇ ಕೆಲ್ಸ ಮಾಡ್ತಿದ್ರು,” ಎಂದರು. “ಅವರ ಮನೆಯವ್ರಿಗೆ ಯಾರಾದ್ರೂ ತಿಳಿಸಿದ್ರಾ?”

ತಿಳಿಸಿದ್ದಾರೆ ಎಂದೆ.