ಸೋಮವಾರದ ಬೆಂಡೆಕಾಯಿ ಗೊಜ್ಜು

ನನಗೆ ಒಂದು ಹುಚ್ಚು ಹಿಡಿಯಿತೆಂದರೆ ಮನೆಮಂದಿಯ ತಲೆಯೆಲ್ಲ ತಿಂದುಬಿಡುತ್ತೇನೆ. ಆ ವರ್ಷ ಹಿಡಿದದ್ದು ಅಂಟುವಾಳಕಾಯಿಯ ಹುಚ್ಚು. ಬನಹಟ್ಟಿಯ ಸಂತೆಯಿಂದ ಒಂದು ಚೀಲ ತಂದು, ಬೀಜ ತೆಗೆದು, ಸಿಪ್ಪೆ ನೆನೆಸಿ ಕಿವುಚಿ, ಆ ನೀರಿನಲ್ಲೇ ತಲೆ ತೊಳೆದುಕೊಂಡೆ, ಅತ್ತೆಯ ಇಳಕಲ್ ಸೀರೆ ಒಗೆದೆ, ಲಿಂಗದ ಬೆಳ್ಳಿ ಕರಡಿಗೆ ಬೆಳಗಿದೆ, ನೆಲ ಒರೆಸಿದೆ. ಹುಳ ಬಿದ್ದ ಕರಿಬೇವಿನ ಗಿಡಕ್ಕೂ ಹೊಡೆದೆ. "ಇನ್ನ ನಿಮ್ಮ ಮಾವನ ಹಲ್ಲಿನ ಸೆಟ್ ಒಂದ ಉಳದೈತಿ ನೋಡವಾ" ಎಂದು ಅತ್ತೆ ಛೇಡಿಸುತ್ತಿದ್ದರು. ಖರೆ ಹೇಳಬೇಕೆಂದರೆ ಅದನ್ನೂ ತೊಳೆಯುವ ವಿಚಾರ ನನಗಿತ್ತು.

ಅದೇ ದಿನಗಳಲ್ಲಿ ನನ್ನ ನಾದಿನಿ, ಗಂಡನ ತಂಗಿ, ಸಾವಳಗಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಳು. ಏಳು ತಿಂಗಳು ತುಂಬಿ ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿದಿತ್ತು. ಇದರ ಹಿಂದಿನ ಬಸಿರು ಐದನೆಯ ತಿಂಗಳಲ್ಲಿ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಅವಳು ಮೆಟ್ಟಿಲು ಇಳಿಯುವಾಗ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

"ರೊಟ್ಟಿ ಪಲ್ಯಾ ಸಾಕಾಗೇತಿ ವೈನಿ. ಏನರ ಹುಳಿ ಹುಳಿ, ಹೊಸಾದು ಮಾಡ" ಅಂದಳು ಒಂದು ದಿನ. ಇಷ್ಟು ಹೇಳಿದರೆ ನನಗೆ ಸಾಕು. ಮೊಬೈಲ್ ಹಿಡಿದು ಹುಡುಕಿ, ಮೈಸೂರು ಕಡೆಯ ಬೆಂಡೆಕಾಯಿ ಗೊಜ್ಜು ಆರಿಸಿದೆ. ಹುಣಸೆಹಣ್ಣು, ಬೆಲ್ಲ, ಎಳ್ಳಿನ ಪುಡಿ. ನಮ್ಮ ಮನೆಯಲ್ಲಿ ಯಾರೂ ಅದನ್ನು ತಿಂದಿರಲಿಲ್ಲ, ಅದರ ರುಚಿ ಹೇಗಿರಬೇಕೆಂದು ನನಗೂ ಗೊತ್ತಿರಲಿಲ್ಲ.

ಅಂಟುವಾಳವನ್ನು ನಾನು ಯಾವಾಗಲೂ ಬಚ್ಚಲಲ್ಲೇ ಇಡುತ್ತಿದ್ದೆ. ಅಂದು ಬಿಸಿನೀರಿನಲ್ಲಿ ಬೇಗ ನೆನೆಯಲೆಂದು ಒಲೆಯ ಕಟ್ಟೆಯ ಮೇಲೆ ಸ್ಟೀಲ್ ಬೋಗುಣಿಯಲ್ಲಿಟ್ಟು ತಾಟು ಮುಚ್ಚಿದ್ದೆ. ಪಕ್ಕದಲ್ಲೇ ಅಂಥದೇ ಬೋಗುಣಿಯಲ್ಲಿ ಹುಣಸೆಹಣ್ಣು. ಎರಡೂ ಕಂದು ನೀರು, ಎರಡರಲ್ಲೂ ಮೆತ್ತಗಾದ ತಿರುಳು. ಒಂದು ತಾಟು ಸರಿಸಿ ಕೈ ಹಾಕಿ ಹಿಂಡಿದೆ. ಧ್ಯಾನವೆಲ್ಲ ಮೊಬೈಲಿನ ಮೇಲಿತ್ತು. ಕುದಿಯುವಾಗ ನೊರೆ ಉಕ್ಕಿತು. ಬೆಲ್ಲದ ಕಸವಿರಬೇಕು ಎಂದು ಮೂರು ಸಲ ಸೌಟಿನಿಂದ ತೆಗೆದು ಚೆಲ್ಲಿದೆ.

ರುಚಿ ನೋಡಲಿಲ್ಲವೇ ಎಂದು ಕೇಳಬೇಡಿ. ಅಂದು ಸೋಮವಾರ. ದೇವರಿಗೆ ಎಡೆ ಹಿಡಿಯುವ ಮೊದಲು ನಮ್ಮಲ್ಲಿ ಅಡುಗೆಯನ್ನು ನಾಲಿಗೆಗೆ ಹಚ್ಚುವುದಿಲ್ಲ. ಎಡೆಯಾದ ಮೇಲೆ ಮೊದಲ ತಾಟು ಬಸುರಿಗೆ. ಗಂಡಸರು ಇನ್ನೂ ಮಗ್ಗದ ಶೆಡ್ಡಿನಲ್ಲಿದ್ದರು. ಬಿಸಿ ಅನ್ನಕ್ಕೆ ಒಂದು ಸೌಟು ಗೊಜ್ಜು ಹಾಕಿ ಅವಳ ಎದುರಿಗೇ ಕುಳಿತೆ.

"ಹೆಂಗೈತಿ?"

"ಛಲೋ ಐತಿ ವೈನಿ" ಅಂದಳು. ನಾನು ಉಬ್ಬಿಹೋದೆ. ಕೇಳದೆಯೇ ಇನ್ನೊಂದು ಸೌಟು ಹಾಕಿದೆ. ಅದನ್ನೂ ತಿಂದಳು. ಮೂರನೆಯದಕ್ಕೆ ಸೌಟು ಎತ್ತಿದ್ದೆ, ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು.

"ಬಸರಿ ಹೆಂಗಸು, ಹುಳಿ ಹೆಚ್ಚಾಗಿರಬೇಕು ಬಿಡ" ಅಂದರು ಅತ್ತೆ. ಎರಡನೆಯ ಸಲ ವಾಂತಿಯಾಯಿತು, ಮೂರನೆಯ ಸಲವೂ ಆಯಿತು. ಅವಳು ಹೊಟ್ಟೆ ಹಿಡಿದುಕೊಂಡು ಕುಸಿದು ಕುಳಿತಳು. ನಿಂಬೆಹಣ್ಣು ತರಲು ಅಡುಗೆಮನೆಗೆ ಓಡಿದವಳು ಕಟ್ಟೆಯ ಮೇಲಿನ ತಾಟು ಸರಿಸಿ ನೋಡಿದೆ. ಹುಣಸೆಹಣ್ಣು ಹಾಗೇ ಇತ್ತು.

ಅಯ್ಯ ಶಿವನೇ! ಗೊಜ್ಜಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಬೆಲ್ಲದ ಸಿಹಿ ಇಳಿಯುತ್ತಿದ್ದಂತೆ ಗಂಟಲು ಕಿತ್ತುಹೋಗುವಷ್ಟು ಕಹಿ. ಆಗ ನಾನು ಮಾಡಿದ್ದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಯಾರನ್ನೂ ಕೂಗಲಿಲ್ಲ. ಗೊಜ್ಜನ್ನೆಲ್ಲ ಮೋರಿಗೆ ಸುರಿದು ನೀರು ಬಿಟ್ಟೆ. ಆ ಕೂಸಿಗೆ ಏನಾದರೂ ಆದರೆ ಈ ಮನೆಯಲ್ಲಿ ನನಗೆ ಜಾಗವಿಲ್ಲ, ಅದೊಂದೇ ತಲೆಯಲ್ಲಿ ಓಡುತ್ತಿತ್ತು.

ಗಂಡ ಪಕ್ಕದ ಮನೆಯವರ ಕಾರು ತಂದ. ಅವಳನ್ನು ಮೊದಲಿನಿಂದ ನೋಡುತ್ತಿದ್ದ ಲೇಡಿ ಡಾಕ್ಟರು, ನಮ್ಮ ಕಡೆ ಡಾಕ್ಟರ್ ಬಾಯಿ ಅನ್ನುತ್ತೇವೆ, ಜಮಖಂಡಿಯಲ್ಲಿದ್ದರು. ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ತೆವಳುತ್ತಿದ್ದವು. ನಾದಿನಿ ನನ್ನ ತೊಡೆಯ ಮೇಲೆ ತಲೆಯಿಟ್ಟು, "ವೈನಿ, ಕೂಸು ಒದೀವಲ್ಲದು" ಅಂದಳು. ನಾನು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದೆ. ಏನೂ ತಿಳಿಯಲಿಲ್ಲ. ಹೇಳಿಬಿಡು, ಹೇಳಿಬಿಡು ಅನ್ನುತ್ತಿತ್ತು ಮನಸ್ಸು. ನಾನು ಅವಳ ತಲೆ ಸವರುತ್ತ ಕುಳಿತೆ.

"ಏನ್ ತಿಂದಿದ್ಲು?" ಎಂದು ಡಾಕ್ಟರ್ ಬಾಯಿ ಕೇಳಿದರು.

"ಅನ್ನಾ, ಹುಣಸಿಹಣ್ಣಿನ ಗೊಜ್ಜು. ಮನ್ಯಾಗ ಮಾಡಿದ್ದರಿ" ಅಂದರು ಅತ್ತೆ.

"ಹುಣಸಿಹಣ್ಣಲ್ಲರಿ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಅಂದೆ. "ಅಂಟುವಾಳರಿ. ಸಾಬಾಣದ ಕಾಯಿ. ನಾನ ತಪ್ಪಿ ಹಾಕೇನಿ. ಎರಡ ಸೌಟು."

ಅತ್ತೆ ನನ್ನತ್ತ ತಿರುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. "ಯಾವಾಗ ಗೊತ್ತಾತು ನಿನಗ?" ಎಂದರು.

"ಮನ್ಯಾಗ" ಎಂದೆ.

ಅವರು ಮುಖ ತಿರುಗಿಸಿದರು. ನರ್ಸ್ ಬಾಗಿಲು ಹಾಕಿಕೊಂಡಳು. ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತೆವು. ಅತ್ತೆಯ ತುಟಿ ಮಾತ್ರ ಅಲುಗುತ್ತಿತ್ತು. ನನಗೆ ಜಪವೂ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಯಂತ್ರದ ಸಪ್ಪಳ ಕೇಳಿಸಿತು. ಟಕಟಕಟಕ ಎಂದು ಅವಸರದ ಸಪ್ಪಳ. "ಕೂಸಿನ ಎದಿ ಬಡಿತ ಛಲೋ ಐತಿ" ಎಂದು ಡಾಕ್ಟರ್ ಬಾಯಿ ಹೊರಗೆ ಬಂದರು. "ವಾಂತಿ ಆಗಿದ್ದ ಛಲೋ ಆತು. ಎರಡ ದಿವಸ ಇಲ್ಲೇ ಇರಲಿ." ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮರುದಿನ ಸಲಾಯಿನ್ ಹಚ್ಚಿದ ನಾದಿನಿಯ ಕಾಲ ಬಳಿ ಕುಳಿತು, "ನನ್ನ ಬೈಯಿ, ಎರಡ ಏಟು ಹೊಡಿ" ಎಂದೆ.

"ಮೊದಲನೇ ತುತ್ತಿಗೇ ಕಹಿ ಹತ್ತಿತ್ತು ವೈನಿ" ಅಂದಳು ಅವಳು. "ನೀ ಎದುರಿಗೇ ಕುಂತು ನನ್ನ ಬಾಯಿನ ನೋಡಾಕತ್ತಿದ್ದಿ. ಬ್ಯಾಡ ಅನ್ನಾಕ ಮನಸ ಬರಲಿಲ್ಲ."

ಹಿಂದಿನ ದಿನ ಇಡೀ ಪಟ್ಟ ಅಂಜಿಕೆ ಒಂದು ತೂಕವಾದರೆ ಅದೊಂದು ಮಾತೇ ಇನ್ನೊಂದು ತೂಕ. ವಾಂತಿ ಬರದಿದ್ದರೆ ಅವಳು ಮೂರನೆಯ ಸೌಟನ್ನೂ ತಿನ್ನುತ್ತಿದ್ದಳು.