ಗಂಜಿ ಒಲ್ಲೆಂದ ಅಜ್ಜಿ

ಎಂಬತ್ತರ ದಶಕದಲ್ಲಿ ನಾನು ಚನ್ನಗಿರಿಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಕಲಿಯಾಕೆ ಬಂದ ನರ್ಸ್ ಹುಡುಗಿಯರೆಲ್ಲ ಹೆರಿಗೆ ವಾರ್ಡಿಗೇ ಓಡುತ್ತಿದ್ದರು. ಅಲ್ಲಿ ಮಗು ಹುಟ್ಟಿದರೆ ಪೇಡೆ ಸಿಗುತ್ತಿತ್ತು. ಮುದುಕರ ವಾರ್ಡಿಗೆ ಹಾಕಿದ್ದ ಒಬ್ಬ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು.

"ಅಲ್ಲೊಬ್ಬ ಅಜ್ಜಿ ಎರಡು ದಿನದಿಂದ ಏನೂ ತಿಂತಿಲ್ಲ, ಬರೀ ಹಟ. ನಾನೂ ಹೆರಿಗೆ ವಾರ್ಡಿಗೆ ಹೋಗ್ತೀನಿ."

ಇವಳನ್ನು ಹಾಗೇ ಹೋಗಲು ಬಿಡಬಾರದು ಅಂತ ಮನಸ್ಸು ಗಟ್ಟಿ ಮಾಡಿ ಕೇಳಿದೆ.

"ಮೈ ತೊಳೀದೆ, ಲಿಂಗಪೂಜೆ ಮಾಡದೆ ಆಯಮ್ಮ ಹೆಂಗೆ ಉಣ್ತಾಳೆ? ಒಂದು ಮಾತು ಕೇಳಿದ್ಯಾ?"

ಬಿಸಿನೀರು ಕೊಟ್ಟೆ. ಹುಡುಗಿ ಅಜ್ಜಿಯ ಮೈ ಒರೆಸಿ, ವಿಭೂತಿ ಕೈಗಿಟ್ಟಳು. ಪೂಜೆ ಮುಗಿಸಿದ ಅಜ್ಜಿ ಗಂಜಿಯನ್ನು ಪೂರಾ ಕುಡಿದು, "ಉಪ್ಪೇ ಇಲ್ಲ" ಅಂತ ಬೈದಳು.

ಮರುದಿನ ಹೆರಿಗೆ ವಾರ್ಡಿಗೆ ಕರೆ ಬಂದರೂ ಹುಡುಗಿ ಒಬ್ಬ ಅಜ್ಜನ ಹಾಸಿಗೆ ಪಕ್ಕದಿಂದ ಏಳಲಿಲ್ಲ.

"ಇರ್ರಿ ಅಮ್ಮ, ಈ ಅಜ್ಜ ಯಾಕೆ ಮಾತ್ರೆ ಉಗುಳ್ತಾರೆ ಅಂತ ಕೇಳ್ತಿದ್ದೀನಿ" ಅಂದಳು.