ಕಿವಿಯಣ್ಣ ಆರಿಸಿದ ಕಲ್ಲು

ಕಲ್ಲಿನಂಗಡಿಯ ಹಿಂದಿನ ಅಂಗಳದಲ್ಲಿ ಮೂರು ಜನ ಕಿವಿಯಣ್ಣನ ಮುಖವನ್ನೇ ನೋಡುತ್ತ ನಿಂತಿದ್ದರು. ಒಬ್ಬ ಅಂಗಡಿಯ ಯಜಮಾನ. ಇನ್ನಿಬ್ಬರು ಕಿವಿಯಣ್ಣನ ತಂಗಿ ಮತ್ತು ಅವಳ ಗಂಡ. ತಂಗಿಯ ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು. ಎದುರಿಗೆ ಎರಡು ಮರದ ತುಂಡುಗಳ ಮೇಲೆ ಬೂದು ಬಣ್ಣದ ಉದ್ದನೆಯ ಹಾಸುಗಲ್ಲು ಮಲಗಿತ್ತು. ಕಿವಿಯಣ್ಣನ ಕೈಯಲ್ಲಿ ಗೇಣುದ್ದದ ಕಬ್ಬಿಣದ ಸರಳು.

ಅವನಿಗೆ ಆ ಹೆಸರು ಸುಮ್ಮನೆ ಬಿದ್ದದ್ದಲ್ಲ. ಕಲ್ಲನ್ನು ಬಡಿದು ಕೇಳುವುದರಲ್ಲಿ ಅವನದು ಎತ್ತಿದ ಕೈ. ಗಟ್ಟಿ ಕಲ್ಲು ಬಡಿದರೆ ಗಂಟೆಯ ಹಾಗೆ ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ದಬ್ ಎನ್ನುತ್ತದೆ. ಕಲ್ಲು ಕೊಯ್ಯುವವರ ಮಾತಿನಲ್ಲಿ ಒಂದು ಬದುಕಿದ ಕಲ್ಲು, ಇನ್ನೊಂದು ಸತ್ತ ಕಲ್ಲು. ಅವನ ಅಪ್ಪನೂ ಇದೇ ಕೆಲಸದವನು. ಸಂಜೆ ಮನೆಗೆ ಬಂದು ಅಂಗಳದಲ್ಲಿ ಬಿದ್ದ ತುಂಡುಗಳನ್ನು ಬಡಿದು, ಮಕ್ಕಳಿಬ್ಬರಿಗೂ ಕಣ್ಣು ಮುಚ್ಚಿಸಿ, "ಬದುಕಿದೆಯೋ, ಸತ್ತಿದೆಯೋ?" ಎಂದು ಕೇಳುತ್ತಿದ್ದ. ಮೊದಲು ಹೇಳುತ್ತಿದ್ದವಳು ತಂಗಿ. ಕೆಲಸ ಮಾತ್ರ ಅಣ್ಣನಿಗೆ ಬಂತು, ಕೆಲಸದ ಜೊತೆ ಹೆಸರೂ ಬಂತು.

ಈಗ ತಂಗಿಗೆ ಊಟದ ಮೇಜು ಬೇಕಾಗಿತ್ತು. ಅವಳ ಮನೆ ತುಂಬಿದ ಮನೆ. ಅತ್ತೆ, ಮಾವ, ಮೈದುನಂದಿರು, ಓರಗಿತ್ತಿಯರು. ಎರಡು ಪಂಕ್ತಿ ಎದ್ದ ಮೇಲೆ ಮೂರನೆಯದರಲ್ಲಿ ಅವಳು ಕೂರಬೇಕು, ಆ ಹೊತ್ತಿಗೆ ಎಲ್ಲವೂ ತಣ್ಣಗಾಗಿರುತ್ತದೆ. "ಎಲ್ಲರೂ ಒಟ್ಟಿಗೆ ಕೂರೋ ಹಾಗೆ ಒಂದು ಕಲ್ಲು ನೋಡಣ್ಣ, ನಾನೂ ಬಿಸಿಬಿಸಿ ಉಣ್ತೀನಿ," ಎಂದಿದ್ದಳು.

ಮೊದಲು ಅವಳು ಕೈಯಿಟ್ಟದ್ದು ಬಿಳಿ ಅಮೃತಶಿಲೆಯ ಮೇಲೆ. ಕಿವಿಯಣ್ಣ ಅದರ ಮೂಲೆಯಲ್ಲಿ ಅರ್ಧ ನಿಂಬೆಹಣ್ಣು ಕವುಚಿಟ್ಟು ಚಹಾ ಕುಡಿದು ಬಂದ. ಒರೆಸಿದರೆ ಅಷ್ಟಗಲ ಹೊಳಪೇ ಇಲ್ಲ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬಾಗಿತ್ತು.

"ದಿನಾ ಒಂದು ಹನಿ ಬೀಳುತ್ತೆ, ದಿನಾ ಅಳ್ತಾ ಕೂರ್ತೀಯಾ?" ಎಂದ.

ಆಮೇಲೆ ಮರಳು ಬಣ್ಣದ ಕಲ್ಲು. ಅದರ ಮೇಲೆ ಬಿಟ್ಟ ಎಣ್ಣೆಯ ಹನಿ ಕಣ್ಣೆದುರೇ ಒಳಗಿಳಿದು ಕಪ್ಪಾಯಿತು. ಅದೂ ಬೇಡವೆಂದ.

ತಂಗಿಯ ಗಂಡ ಬಸ್ಸಿನ ಡ್ರೈವರ್. ಕಾಯುವುದೆಂದರೆ ಅವನಿಗೆ ಆಗದು. "ಜನ ಮೊಸರಲ್ಲಿ ಕಲ್ಲು ಹುಡುಕ್ತಾರೆ. ನಮ್ಮ ಭಾವ ಕಲ್ಲಲ್ಲೇ ಕಲ್ಲು ಹುಡುಕ್ತಾರೆ," ಎಂದ. ಯಜಮಾನ ನಕ್ಕ. ಯಜಮಾನ ನಕ್ಕದ್ದನ್ನು ನೋಡಿ ಕಿವಿಯಣ್ಣನೂ ನಕ್ಕ, ಒಂದು ಗಳಿಗೆ ತಡವಾಗಿ.

ಆ ತಡ ಯಾರ ಗಮನಕ್ಕೂ ಬರಲಿಲ್ಲ. ಬಂದಿದ್ದರೆ ಅವನ ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ಇಷ್ಟು ವರ್ಷ ಕೊಯ್ಯುವ ಯಂತ್ರದ ಪಕ್ಕ ನಿಂತೂ ನಿಂತೂ ಅವನ ಎಡಗಿವಿ ಮುಚ್ಚಿಹೋಗಿತ್ತು. ಬಲಗಿವಿಯಲ್ಲಿ ಹತ್ತಿರದ ಮಾತು ಕೇಳುತ್ತಿತ್ತು, ಕಲ್ಲಿನ ಠಣ್ ಮಾತ್ರ ಕೇಳುತ್ತಿರಲಿಲ್ಲ. ಯಾವ ಕಲ್ಲು ಬಡಿದರೂ ದಿಂಬು ಬಡಿದ ಹಾಗೆ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕಣ್ಣಿಗೆ ಸ್ವಲ್ಪ ಅನುಮಾನ ಬಂದರೂ "ಬೇಡ" ಎಂದುಬಿಡುತ್ತಿದ್ದ. ಬೇಡ ಎಂದವನನ್ನು ಯಾರೂ ತಪ್ಪು ಹಿಡಿಯುವುದಿಲ್ಲ. ಹಾಗೇ ಹೆಸರು ಉಳಿದಿತ್ತು.

ಮೂರನೆಯದು ಈ ಬೂದು ಕಲ್ಲು. ಇದರ ನಡುವೆ ಓರೆಯಾಗಿ ತುಕ್ಕಿನ ಬಣ್ಣದ ಒಂದು ಗೆರೆ ಹರಿದಿತ್ತು. ತಂಗಿ ಅದರ ಮೇಲೆ ಬೆರಳಾಡಿಸಿ, "ಹೊಳೆ ಇದ್ದ ಹಾಗಿದೆ ಅಣ್ಣ. ಇದನ್ನೂ ಬೇಡ ಅನ್ಬೇಡ," ಎಂದಳು.

ನಿಂಬೆ ಇದನ್ನು ಮುಟ್ಟಲಿಲ್ಲ. ಎಣ್ಣೆ ಒಳಗಿಳಿಯಲಿಲ್ಲ. ಆದರೆ ಆ ಗೆರೆ ಬರೀ ಬಣ್ಣವೋ, ಒಳಗಿನ ಬಿರುಕೋ? ನೀರು ಸುರಿದು ಒರೆಸಿದರೆ ಬಿರುಕಿನ ಜಾಗ ತಡವಾಗಿ ಒಣಗುತ್ತದೆ. ಆದರೆ ಈ ಕಲ್ಲಿಗೆ ಅಂಟು ತುಂಬಿ ಪಾಲಿಶ್ ಮಾಡಿದ್ದರು, ನೀರಿಗೆ ಸತ್ಯ ಸಿಗದು. ಉಳಿದದ್ದು ಕಿವಿ ಒಂದೇ.

ಪಕ್ಕದ ಶೆಡ್ಡಿನಲ್ಲಿ ಯಂತ್ರ ಕಿರುಚುತ್ತಿತ್ತು. ಹಿಂದೆಲ್ಲ ಅವನು ಮೊದಲು ಯಂತ್ರ ನಿಲ್ಲಿಸಲು ಹೇಳಿ ಆಮೇಲೆ ಬಡಿಯುತ್ತಿದ್ದ. ಇವತ್ತು ಹೇಳಲಿಲ್ಲ. ಯಂತ್ರ ನಿಂತರೆ ಎಲ್ಲರಿಗೂ ಕೇಳುತ್ತದೆ, ತನಗೊಬ್ಬನಿಗೆ ಕೇಳುವುದಿಲ್ಲ.

ಒಂದು ತುದಿಯಲ್ಲಿ ಬಡಿದ. ದಿಂಬು. ಗೆರೆಯ ಪಕ್ಕ ಬಡಿದ. ದಿಂಬು. ತಲೆಯೆತ್ತಿದರೆ ತಂಗಿಯ ಕಣ್ಣು ಅವನ ಮೇಲೇ ನೆಟ್ಟಿತ್ತು.

"ಸರಿ ಇದೆ. ತಗೋ," ಎಂದ.

ಹೇಳಿದ್ದು ಹೇಳಿ ಆಯಿತು. ಆದರೆ ಅವತ್ತಿನಿಂದ ಆ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಾಲಿಗೆ ತಗಲಬಾರದೆಂದು ಡ್ರೈವರ್ ನಾಲ್ಕು ಕಾಲು ಬೇಡವೆಂದಿದ್ದ. ಎರಡು ತುದಿಗೆ ಎರಡು ಕಬ್ಬಿಣದ ಪೀಠ, ನಡುವೆ ಖಾಲಿ. ಗೆರೆ ಹಾದುಹೋಗುವುದು ಆ ಖಾಲಿಯ ಮೇಲೆ. ಮಲಗಿದರೂ ಕಿವಿಯಣ್ಣನಿಗೆ ಆ ಖಾಲಿ ಜಾಗವೇ ಕಾಣುತ್ತಿತ್ತು. ಅದರಲ್ಲಿ ತಂಗಿಯ ಮಗಳು ಕೂತು ಆಡುತ್ತಿರುವ ಹಾಗೆ ಕಾಣುತ್ತಿತ್ತು.

ರಜೆಯ ದಿನ ಎಲ್ಲರೂ ಹೊಸ ಮೇಜಿನಲ್ಲಿ ಊಟಕ್ಕೆ ಕೂರುವುದೆಂದು ಗೊತ್ತಾಗಿತ್ತು. ಹಿಂದಿನ ಸಂಜೆಯೇ ಕಲ್ಲನ್ನು ತಂದು ಪೀಠಗಳ ಮೇಲೆ ಮಲಗಿಸಿದ್ದರು. ಕಲ್ಲನ್ನು ಪೀಠಕ್ಕೆ ಅಂಟಿಸುವ ನೆಪದಲ್ಲಿ ಕಿವಿಯಣ್ಣ ಬೆಳಿಗ್ಗೆಯೇ ಹೋದ.

ಬಾಗಿಲು ದಾಟುತ್ತಲೇ ಅವನು ಹೆಗಲ ಚೀಲ ಇಳಿಸಿದ. ಮೇಜಿನ ಕೆಳಗೆ, ಸರಿಯಾಗಿ ಆ ಗೆರೆಯ ಕೆಳಗೆ, ಮಗು ಪಾತ್ರೆಯ ಮುಚ್ಚಳ ಇಟ್ಟುಕೊಂಡು ಆಡುತ್ತಿತ್ತು. ಮೇಲೆ ದೀಪ ಕಟ್ಟಬೇಕೆಂದು ಡ್ರೈವರ್ ಸ್ಟೂಲಿನ ಮೇಲೆ ನಿಂತು ಒಂದು ಮೊಣಕಾಲನ್ನು ಕಲ್ಲಿನ ಮೇಲೆ ಊರಿದ್ದ.

"ಹತ್ಬೇಡಿ," ಎಂದ ಕಿವಿಯಣ್ಣ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಯಾಕೆ ಭಾವ, ಕಲ್ಲಿಗೆ ನೋವಾಗುತ್ತಾ?"

ಕಿವಿಯಣ್ಣ ಬಗ್ಗಿ ಮಗುವಿನ ತೋಳು ಹಿಡಿದು ಎಳೆದುಕೊಂಡ. ಮಗು ಬಾಯಿ ದೊಡ್ಡದು ಮಾಡಿ ಅತ್ತಿತು. ಆ ಅಳು ಅವನಿಗೆ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿತು. ತಂಗಿ ಅಡುಗೆಮನೆಯಿಂದ ಓಡಿಬಂದಳು.

"ಏನಾಯ್ತಣ್ಣ?"

"ಅವತ್ತು ನಂಗೆ ಕೇಳಿಸ್ಲಿಲ್ಲ."

"ಯಂತ್ರ ಓಡ್ತಿತ್ತಲ್ಲ, ಹೇಗೆ ಕೇಳ್ಸುತ್ತೆ?"

ತಂಗಿ ತಾನಾಗಿಯೇ ನೆಪವೊಂದನ್ನು ಕೈಗೆ ಕೊಟ್ಟಿದ್ದಳು. ತೆಗೆದುಕೊಂಡಿದ್ದರೆ ಸಾಕಿತ್ತು. ಅವನು ಮಗುವನ್ನು ಅವಳ ಕೈಗೆ ಕೊಟ್ಟ.

"ಯಂತ್ರ ಅಲ್ಲ, ಕಿವಿ. ಎಡಗಡೆದು ಪೂರ್ತಿ ಹೋಗಿದೆ. ಬಲಗಡೆ ನಿನ್ನ ಮಾತು ಕೇಳುತ್ತೆ, ಕಲ್ಲು ಕೇಳಲ್ಲ. ಸುಮ್ನೆ ಸರಿ ಇದೆ ಅಂದೆ."

ಅವನು ಚೀಲದಿಂದ ಸರಳು ತೆಗೆದ. "ಕಣ್ಣು ಮುಚ್ಚು," ಎಂದ ತಂಗಿಗೆ. ಅವಳು ಮಗುವನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು.

ತುದಿಯಲ್ಲಿ ಬಡಿದ. "ಬದುಕಿದೆಯೋ, ಸತ್ತಿದೆಯೋ?"

"ಬದುಕಿದೆ."

ಒಂದು ಮೊಳ ಈಚೆ ಬಡಿದ.

"ಬದುಕಿದೆ."

ಗೆರೆಯ ಪಕ್ಕ ಬಡಿದ. ತಂಗಿ "ಇನ್ನೊಂದ್ಸಲ," ಎಂದಳು. ಇನ್ನೊಮ್ಮೆ ಬಡಿದ. ಅವಳ ಹುಬ್ಬು ಗಂಟಿಕ್ಕಿತು.

"ಸತ್ತಿದೆ ಅಣ್ಣ."

ಡ್ರೈವರ್ ಸರಳು ಕಸಿದುಕೊಂಡು ತಾನೂ ಅಲ್ಲಿ ಇಲ್ಲಿ ಬಡಿದ. "ನಂಗೆ ಎಲ್ಲಾ ಒಂದೇ ಥರ ಕೇಳ್ತಿದೆ. ಅಣ್ಣಂಗೆ ಕಿವಿ ಇಲ್ಲ, ತಂಗಿಗೆ ಬುದ್ಧಿ ಇಲ್ಲ. ಮಧ್ಯಾಹ್ನಕ್ಕೆ ಮನೆಯವರೆಲ್ಲ ಊಟಕ್ಕೆ ಬಂದು ಕೂರ್ತಾರೆ. ಇವತ್ತು ಉಣ್ಣೋಣ, ನಾಳೆ ನೋಡೋಣ." ಮತ್ತೆ ಸ್ಟೂಲು ಹತ್ತಿದ.

ಕಿವಿಯಣ್ಣನಿಗೆ ವಾದ ಮಾಡಿ ಗೊತ್ತಿಲ್ಲ. ಅವನು ಚಪ್ಪಲಿ ಬಿಟ್ಟು, ಮೇಜಿನ ಕೆಳಗೆ ನುಗ್ಗಿ, ಮಗು ಕೂತಿದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವನ ತಲೆಗೂ ಕಲ್ಲಿಗೂ ನಡುವೆ ಒಂದು ಅಂಗೈಯಷ್ಟೂ ಜಾಗವಿರಲಿಲ್ಲ.

"ಈಗ ಹತ್ತಿ," ಎಂದ.

ಅಲ್ಲಿಂದ ಅವನಿಗೆ ಕಂಡದ್ದು ಡ್ರೈವರನ ಪಾದಗಳು ಮಾತ್ರ. ಬಲಪಾದ ಸ್ಟೂಲಿನಿಂದ ಮೇಲೆದ್ದಿತು. ತಂಗಿ ಏನೋ ಹೇಳಿದಳು, ಅದು ಅವನಿಗೆ ಕೇಳಿಸಲಿಲ್ಲ. ಪಾದ ಗಾಳಿಯಲ್ಲೇ ನಿಂತಿತು. ಕಿವಿಯಣ್ಣ ಕತ್ತು ಓರೆ ಮಾಡಿ ನೋಡಿದ. ಮೇಲೆ ಆ ಗೆರೆ ಇತ್ತು. ಕೆಳಗಿನಿಂದ ಅದು ಹೊಳೆಯ ಹಾಗೆ ಕಾಣುತ್ತಿರಲಿಲ್ಲ, ಹೊಲಿಗೆ ಬಿಟ್ಟ ಬಟ್ಟೆಯ ಹಾಗೆ ಕಾಣುತ್ತಿತ್ತು.

ಬಲಪಾದ ಕೆಳಗಿಳಿಯಿತು. ಆಮೇಲೆ ಎಡಪಾದವೂ ನೆಲಕ್ಕೆ ಬಂತು.

"ಎದ್ದು ಬನ್ನಿ ಭಾವ," ಎಂದ ಡ್ರೈವರ್, ಬಗ್ಗಿ ಮುಖ ತೋರಿಸಿ. "ಇಳಿಸೋಣ."

ಮೈದುನಂದಿರು ಬಂದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. ಕಲ್ಲನ್ನು ನಿಲ್ಲಿಸಿ ಸಾಗಿಸಿದರೆ ಏನೂ ಆಗುವುದಿಲ್ಲ, ಮಲಗಿದ ಕಲ್ಲನ್ನು ಎತ್ತುವಾಗಲೇ ಅಪಾಯ. "ಕಾಲು ದೂರ ಇಡಿ. ಮುರಿದ್ರೆ ಬಿಟ್ಬಿಡಿ, ಹಿಡಿಯೋಕೆ ಹೋಗ್ಬೇಡಿ," ಎಂದು ಕಿವಿಯಣ್ಣ ಎಲ್ಲರಿಗೂ ಹೇಳಿದ. ಎತ್ತಿದರು. ಪೀಠದಿಂದ ಒಂದು ಗೇಣು ಮೇಲೆ ಬಂದಿತ್ತು, ಅಷ್ಟರಲ್ಲಿ ಅವನ ಅಂಗೈಯಲ್ಲಿ ಏನೋ ಜುಮ್ಮೆಂದಿತು. ಸದ್ದು ಅವನಿಗೆ ಕೇಳಲಿಲ್ಲ. ಆದರೆ ಎದುರಿಗಿದ್ದವರ ಮುಖಗಳು ಒಟ್ಟಿಗೆ ಬಿಳಿಚಿಕೊಂಡದ್ದು ಕಂಡಿತು.

"ಬಿಡಿ," ಎಂದ.

ದೊಡ್ಡ ತುಂಡು ಒಂದು ಪೀಠಕ್ಕೆ ಒರಗಿ ನಿಂತಿತು. ಚಿಕ್ಕ ತುಂಡು ಇನ್ನೊಂದು ಪೀಠದ ಪಕ್ಕ ಬಿದ್ದು ನೆಲದ ಹೆಂಚೊಂದನ್ನು ಪುಡಿ ಮಾಡಿತು. ಪಾತ್ರೆಯ ಮುಚ್ಚಳ ಅದರಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಯಾರ ಕಾಲಿಗೂ ಏನೂ ಆಗಲಿಲ್ಲ. ತಂಗಿ ಆ ಮುಚ್ಚಳವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಟ್ಟಳು.

ಅವತ್ತು ದೊಡ್ಡ ತುಂಡನ್ನು ಬಡಿದು ಬಡಿದು, ತಂಗಿ ಮೂರು ಸಲ "ಬದುಕಿದೆ" ಎಂದ ಮೇಲೆ, ಎರಡು ಪೀಠಗಳನ್ನು ಹತ್ತಿರ ತಂದು ಅದನ್ನೇ ಮಲಗಿಸಿದರು. ಅದರಲ್ಲಿ ಆರು ಜನ ಕೂರಬಹುದು. ಉಳಿದವರು ನೆಲದಲ್ಲಿ ಕೂತರು. ಆದರೂ ಪಂಕ್ತಿ ಒಂದೇ ಆಯಿತು, ತಂಗಿ ಬಿಸಿಬಿಸಿ ಉಂಡಳು.

ಕಿವಿಯಣ್ಣ ಅನ್ನ ಕಲಸುತ್ತಲೇ ಇದ್ದ. ನಾಳೆ ಯಜಮಾನನಿಗೆ ಹೇಳಬೇಕು. ಹೇಳಿದ ಮೇಲೆ ಆ ಅಂಗಳದಲ್ಲಿ ತನಗೆ ಏನು ಕೆಲಸ ಉಳಿಯುತ್ತದೋ ಗೊತ್ತಿಲ್ಲ. ಎಡಗಡೆ ಕೂತಿದ್ದ ಡ್ರೈವರ್ ಎದ್ದು, ತಟ್ಟೆ ಹಿಡಿದು ಸುತ್ತಿ ಬಂದು, ಅವನ ಬಲಗಡೆ ಕೂತ.

"ಭಾವ, ಒಂದು ಮಾತು. ಎರಡು ವರ್ಷದಿಂದ ದಾರೀಲಿ ನಿಮ್ಮನ್ನ ಕಂಡಾಗೆಲ್ಲ ನಾನು ಬಸ್ಸಿಂದ ಹಾರ್ನ್ ಹೊಡೀತೀನಿ, ನೀವು ತಿರುಗಿ ನೋಡಲ್ಲ. ಹೆಣ್ಣು ಕೊಟ್ಟ ಮನೆಯವ್ರಿಗೆ ಇಷ್ಟು ಜಂಬಾನಾ ಅಂದ್ಕೊಂಡಿದ್ದೆ. ಮನೇಲಿ ಎಷ್ಟು ಬೈದಿದ್ದೀನೋ, ನಿಮ್ಮ ತಂಗೀನ ಕೇಳಿ."

"ಬೈದಿದ್ದು ಕೇಳಿಸ್ಲಿಲ್ಲ," ಎಂದ ಕಿವಿಯಣ್ಣ.

ಡ್ರೈವರ್ ಅವನ ತಟ್ಟೆಗೆ ತಾನೇ ಇನ್ನೊಂದು ಸೌಟು ಅನ್ನ ಬಡಿಸಿದ.